ಮೂರನೆಯ ನಾಗರಿಕ ಕಂಡ ಇಬ್ಬರು ನಾಯಕರು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಓದುಗರ ಕೂಟದಲ್ಲಿ ಈ ಬಾರಿ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಕೈಗೆತ್ತಿಕೊಂಡಿದ್ದೆವು. ತಿಂಗಳಿಗೆ ಎರಡು ಭಾನುವಾರ, ಒಮ್ಮೆ ಒಬ್ಬರ ಮನೆಯಲ್ಲಿ, ಇನ್ನೊಮ್ಮೆ ಇನ್ನೊಬ್ಬರ ಮನೆಯಲ್ಲಿ ಸೇರಿ, ಬೈಠಕಿಗೆ ಒಂದು ಅಂಕದಂತೆ ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದುವುದು ನಮ್ಮ ರೂಢಿ. ಇಂಗ್ಲಿಷ್ ಪಠ್ಯವನ್ನು ಎದುರಿಗಿಟ್ಟುಕೊಂಡು, ಆಯಾ ಪಾತ್ರದವರು ತಮ್ಮ ಮಾತುಗಳನ್ನು ಮುಂಚಿತವಾಗಿ ತಾವೇ ಕನ್ನಡಕ್ಕೆ ತಂದುಕೊಂಡು ಬರಬೇಕೆಂಬ ಕಟ್ಟುಪಾಡನ್ನೂ ಹಾಕಿಕೊಂಡಿದ್ದೇವೆ. ಸೀಸರನನ್ನು ಕೊಂದವರ ಮುಂದಾಳಾದ ಬ್ರೂಟಸ್‌ನ ಪಾತ್ರವು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯರೊಬ್ಬರಿಗೆ ಹೋಯಿತು. ಸೀಸರನ ಆಪ್ತನಾದ ಆಂಟನಿಯನ್ನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಮಿತ್ರರು ಕೇಳಿ ಪಡೆದುಕೊಂಡರು. ನನ್ನ ಪಾಲಿಗೆ ಬಂದದ್ದು ಮೂರನೆಯ ಅಂಕದ ಜನರ ಗುಂಪಿನಲ್ಲಿ ನಿಂತಿರುವ, ಹೆಸರೂ ಇಲ್ಲದ ಮೂರನೆಯ ನಾಗರಿಕ.

ಚಿಕ್ಕ ಪಾತ್ರ ಸಿಕ್ಕಿತೆಂದು ನನಗೆ ಬೇಸರವಾಗಲಿಲ್ಲ, ಏಕೆಂದರೆ ಈ ನಾಗರಿಕನ ಮಾತುಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದುಕೊಂಡಾಗ ನಾನು ಬೆಚ್ಚಿದೆ. ಸೀಸರನನ್ನು ಏಕೆ ಕೊಂದೆವೆಂದು ಬ್ರೂಟಸ್ ಚೌಕದಲ್ಲಿ ವಿವರಿಸಿ ಮುಗಿಸಿದ ಕೂಡಲೇ ಅವನು ‘ಇವನೇ ಸೀಸರ್ ಆಗಲಿ’ ಎಂದು ಕೂಗುತ್ತಾನೆ. ಆಂಟನಿ ವೇದಿಕೆ ಏರುವಾಗ, ರೋಮಿಗೆ ಸೀಸರನ ಪೀಡೆ ತೊಲಗಿದ್ದು ನಮ್ಮ ಪುಣ್ಯ ಎನ್ನುತ್ತಾನೆ. ಇನ್ನೂ ಕೆಲವೇ ನಿಮಿಷಗಳಲ್ಲಿ, ಆಂಟನಿಗಿಂತ ದೊಡ್ಡ ಮನಸ್ಸಿನವನು ರೋಮಿನಲ್ಲೇ ಇಲ್ಲ ಎಂದು ಘೋಷಿಸುತ್ತಾನೆ. ಅದೇ ದೃಶ್ಯದ ಕೊನೆಗೆ, ಹೆಣ ಸುಡುವುದಕ್ಕೆ ಬೆಂಚುಗಳನ್ನು ಕಿತ್ತು ತನ್ನಿ ಎಂದು ಅಬ್ಬರಿಸುತ್ತಾನೆ. ಒಬ್ಬನೇ ಮನುಷ್ಯ, ಒಂದೇ ನಿಲುವು, ಅಂದರೆ ನಿಂತ ಜಾಗದಿಂದ ಕದಲದೆಯೇ, ಇಬ್ಬರು ನಾಯಕರಿಗೆ ತನ್ನನ್ನು ಒಪ್ಪಿಸಿಕೊಂಡಿದ್ದಾನೆ. ಬ್ರೂಟಸ್ ಮತ್ತು ಆಂಟನಿ ಇವರಲ್ಲಿ ಯಾರು ನಿಜವಾದ ನಾಯಕ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಮೇಲಿನಿಂದ, ಅವರಿಬ್ಬರ ಮನಸ್ಸಿನೊಳಗೆ ಇಣುಕಿ ಕೇಳುತ್ತೇವೆ. ಈ ಸಲ ನನಗೆ ಅದನ್ನು ಕೆಳಗಿನಿಂದ, ಅವರ ಮಾತು ಬಂದು ಬೀಳುವ ಜಾಗದಲ್ಲಿ ನಿಂತು ಕೇಳುವ ಅವಕಾಶ ಒದಗಿತು.

ನಾಟಕ 1599ರಲ್ಲಿ ಲಂಡನ್ನಿನ ರಂಗವನ್ನು ಏರಿತು. ಕಥೆಯ ಸಾಮಗ್ರಿ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ ಜೀವನಚರಿತ್ರೆಗಳದು. ಕ್ರಿಸ್ತಪೂರ್ವ 44ರ ಮಾರ್ಚ್ 15ರಂದು ಸೀಸರನ ಕೊಲೆಯಾಗುತ್ತದೆ. ಕ್ರಿಸ್ತಪೂರ್ವ 42ರಲ್ಲಿ ಫಿಲಿಪ್ಪಿಯ ಬಯಲಿನಲ್ಲಿ ಬ್ರೂಟಸ್ ಸೋತು ಸಾಯುತ್ತಾನೆ. ಹೆಸರು ಸೀಸರನದಾದರೂ ಅವನು ನಾಟಕದ ನಡುವಿನಲ್ಲೇ ಹೆಣವಾಗುತ್ತಾನೆ, ಆಮೇಲೆ ರೋಮನ್ನು ಯಾರು ನಡೆಸಬೇಕು ಎಂಬುದೇ ಉಳಿಯುವ ಪ್ರಶ್ನೆ. ಆದುದರಿಂದ ಎದುರಾಳಿಗಳೆಂದು ನಾನು ಬ್ರೂಟಸ್‌ನನ್ನೂ ಆಂಟನಿಯನ್ನೂ ತೂಗಿ ನೋಡುತ್ತಿದ್ದೇನೆ.

ಬ್ರೂಟಸ್ ನಾಯಕನಾದ ಬಗೆಯನ್ನೇ ಮೊದಲು ನೋಡಬೇಕು. ಅವನು ಪದವಿಯನ್ನು ಬಯಸಿದವನಲ್ಲ. ಸಂಚನ್ನು ಹೆಣೆದವನು ಕ್ಯಾಸಿಯಸ್. ಆದರೆ ಆ ಸಂಚಿಗೆ ಮರ್ಯಾದೆಯ ಹೊದಿಕೆ ಹೊದಿಸುವುದಕ್ಕೆ ಬ್ರೂಟಸ್‌ನ ಹೆಸರು ಬೇಕಾಗಿತ್ತು. ಬೇರೆ ಬೇರೆ ಕೈಬರಹದಲ್ಲಿ ಬರೆಯಿಸಿದ ಪತ್ರಗಳನ್ನು, ಊರಿನ ಜನರೇ ಬರೆದರೇನೋ ಎಂಬಂತೆ, ಕ್ಯಾಸಿಯಸ್ ಅವನ ಕಿಟಕಿಯಿಂದ ಒಳಗೆ ಬೀಳಿಸುತ್ತಾನೆ. ಪತ್ರದಲ್ಲಿ ವಾಕ್ಯಗಳು ಅರ್ಧಕ್ಕೇ ನಿಂತಿವೆ. ಬ್ರೂಟಸ್ ರಾತ್ರಿಯ ಹೊತ್ತು, ಆಕಾಶದಲ್ಲಿ ಉರಿದು ಹಾಯುತ್ತಿರುವ ಉಲ್ಕೆಗಳ ಬೆಳಕಿನಲ್ಲಿ ಅದನ್ನು ಓದುತ್ತಾನೆ, ಖಾಲಿ ಬಿಟ್ಟ ಜಾಗವನ್ನು ತಾನೇ ತುಂಬಿಕೊಳ್ಳುತ್ತಾನೆ. ಈ ಸಣ್ಣ ಪ್ರಸಂಗದಲ್ಲಿ ಅವನ ನಾಯಕತ್ವದ ಶಕ್ತಿಯೂ ಕುರುಡೂ ಒಟ್ಟಿಗೇ ಇವೆ. ಜನರು ಕರೆದರೆ ಹೋಗಲೇಬೇಕೆಂಬ ಕರ್ತವ್ಯಬುದ್ಧಿ ನಿಜವಾದದ್ದು, ಅದರಲ್ಲಿ ಸ್ವಾರ್ಥದ ಲೇಶವೂ ಇಲ್ಲ. ಆದರೆ ಜನರ ಧ್ವನಿ ಎಂದು ಅವನು ಕೇಳಿಸಿಕೊಂಡದ್ದು ಒಂದು ಸುಳ್ಳು ಪತ್ರವನ್ನೂ ತನ್ನದೇ ಧ್ವನಿಯನ್ನೂ ಮಾತ್ರ. ಬೀದಿಗಿಳಿದು ಒಬ್ಬನನ್ನಾದರೂ ನಿಲ್ಲಿಸಿ ಕೇಳಬೇಕೆಂದು ಅವನಿಗೆ ತೋಚುವುದಿಲ್ಲ. ನಾಟಕದ ಮೊದಲನೆಯ ದೃಶ್ಯದಲ್ಲೇ ಬೀದಿಯ ಚಮ್ಮಾರನೊಬ್ಬ, ಸೀಸರನ ವಿಜಯೋತ್ಸವವನ್ನು ನೋಡಲು ರಜೆ ಮಾಡಿಕೊಂಡಿದ್ದೇವೆ ಎಂದು ಸಂತೋಷದಿಂದ ಹೇಳುತ್ತಿರುತ್ತಾನೆ. ಆ ಚಮ್ಮಾರನನ್ನು ನಾವು ಕಂಡಿದ್ದೇವೆ, ಬ್ರೂಟಸ್ ಕಂಡಿಲ್ಲ.

ಅದೇ ರಾತ್ರಿ ತೋಟದಲ್ಲಿ ಸಂಚುಗಾರರೆಲ್ಲ ಸೇರಿದಾಗ ಮೂರು ತೀರ್ಮಾನಗಳಾಗುತ್ತವೆ. ಪ್ರತಿಜ್ಞೆ ಮಾಡೋಣ ಎಂಬ ಕ್ಯಾಸಿಯಸ್‌ನ ಸಲಹೆಯನ್ನು ಬ್ರೂಟಸ್ ತಳ್ಳಿಹಾಕುತ್ತಾನೆ: ಪ್ರಾಮಾಣಿಕರಿಗೆ ಕೊಟ್ಟ ಮಾತೇ ಸಾಕು, ಆಣೆ ಪ್ರಮಾಣಗಳು ಹೇಡಿಗಳಿಗೆ ಇರಲಿ ಎನ್ನುತ್ತಾನೆ. ಹಿರಿಯ ವಾಗ್ಮಿ ಸಿಸೆರೊನನ್ನು ಸೇರಿಸಿಕೊಳ್ಳೋಣವೆಂದು ಮೂರು ನಾಲ್ಕು ಜನ ಒಟ್ಟಿಗೆ ಹೇಳುತ್ತಾರೆ. ಇನ್ನೊಬ್ಬರು ಆರಂಭಿಸಿದ್ದನ್ನು ಅವನು ಎಂದೂ ಹಿಂಬಾಲಿಸುವವನಲ್ಲ ಎಂದು ಬ್ರೂಟಸ್ ಒಂದೇ ಮಾತು ಆಡುತ್ತಾನೆ, ಈಗಷ್ಟೇ ಸಿಸೆರೊ ಬೇಕೆಂದಿದ್ದ ಕಾಸ್ಕಾ ಸಹ ಹೌದು, ಅವನು ತಕ್ಕವನಲ್ಲ ಎಂದು ತಿರುಗಿಬಿಡುತ್ತಾನೆ. ಸೀಸರನೊಂದಿಗೆ ಆಂಟನಿಯನ್ನೂ ಮುಗಿಸಬೇಕೆಂದು ಕ್ಯಾಸಿಯಸ್ ಹೇಳಿದಾಗ, ನಾವು ಬಲಿ ಕೊಡುವವರಾಗೋಣ, ಕಟುಕರಾಗುವುದು ಬೇಡ, ತಲೆ ಹೋದ ಮೇಲೆ ತೋಳು ಏನು ಮಾಡೀತು ಎಂದು ಬ್ರೂಟಸ್ ಆ ಸಲಹೆಯನ್ನೂ ನಿರಾಕರಿಸುತ್ತಾನೆ. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ತೀರ್ಮಾನಗಳಿಗಿಂತಲೂ ಅವು ಆದ ರೀತಿ. ಅಲ್ಲಿ ಅಷ್ಟು ಜನರಿದ್ದಾರೆ, ಆದರೆ ಬ್ರೂಟಸ್ ಬಾಯಿ ತೆರೆದ ಮೇಲೆ ಬೇರೆಯವರ ಅಭಿಪ್ರಾಯ ಉಳಿಯುವುದಿಲ್ಲ. ಅವನು ಗದರುವುದಿಲ್ಲ, ಬೆದರಿಸುವುದೂ ಇಲ್ಲ. ಅವನ ನೈತಿಕ ಎತ್ತರವೇ ಉಳಿದವರ ಬಾಯಿಯನ್ನು ಕಟ್ಟಿಬಿಡುತ್ತದೆ. ಸಜ್ಜನನ ಮುಂದೆ ಲೌಕಿಕವಾದ ಸತ್ಯವನ್ನು ಆಡಲು ಎಲ್ಲರಿಗೂ ಸಂಕೋಚ. ದುಷ್ಟ ನಾಯಕನ ಸುತ್ತ ಹೊಗಳುಭಟರು ಸೇರುತ್ತಾರೆಂಬುದು ನಮಗೆಲ್ಲ ತಿಳಿದಿದೆ. ಒಳ್ಳೆಯ ನಾಯಕನ ಸುತ್ತಲೂ ಇಂಥದೇ ಒಂದು ಮೌನ ಕವಿಯಬಹುದು ಎಂಬುದನ್ನು ಈ ದೃಶ್ಯದಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಓದಿಲ್ಲ.

ನಮ್ಮ ಕಡೆ, ತನ್ನ ಸೇರಿನಲ್ಲೇ ಊರನ್ನೆಲ್ಲ ಅಳೆಯುವವನು ಎಂದು ಹೇಳುವುದುಂಟು. ಬ್ರೂಟಸ್‌ನ ಸೇರು ಶುದ್ಧವಾದದ್ದು, ಕಲ್ಲು ಮರಳಿಲ್ಲದ್ದು. ಆದರೂ ಅದು ಅವನೊಬ್ಬನ ಸೇರು. ತನಗೆ ಮಾತು ಪವಿತ್ರವಾದ್ದರಿಂದ ಆಂಟನಿಗೂ ಪವಿತ್ರವೆಂದು, ತನಗೆ ಕಾರಣಗಳು ಸಾಕಾದ್ದರಿಂದ ಜನಕ್ಕೂ ಸಾಕೆಂದು ಅವನು ಲೆಕ್ಕ ಹಾಕುತ್ತಾನೆ.

ಆಂಟನಿಯ ಅಳತೆಗೋಲು ಇದಕ್ಕೆ ಪೂರಾ ವಿರುದ್ಧವಾದದ್ದು. ಕೊಲೆಯಾದ ಕೂಡಲೇ ಅವನು ತನ್ನ ಮನೆಗೆ ಓಡುತ್ತಾನೆ, ಹೆದರಿದ್ದಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬ ಸೇವಕನನ್ನು ಮುಂದಾಗಿ ಕಳುಹಿಸುತ್ತಾನೆ. ಸೇವಕ ಯಜಮಾನ ಕಲಿಸಿದಂತೆ ಮಂಡಿಯೂರಿ, ಬ್ರೂಟಸ್ ಪ್ರಾಮಾಣಿಕ, ಸೀಸರ್ ಪರಾಕ್ರಮಿ, ನನಗೆ ಅಭಯ ಸಿಕ್ಕರೆ ಬಂದು ಕಾರಣ ಕೇಳಿ ತಿಳಿಯುತ್ತೇನೆ ಎಂಬ ಸಂದೇಶವನ್ನು ಒಪ್ಪಿಸುತ್ತಾನೆ. ನೀರಿನ ಆಳ ನೋಡಲು ಮೊದಲು ಕೋಲು ಇಳಿಸುವ ಜಾಣತನ ಇದು. ಆಮೇಲೆ ತಾನೇ ಬಂದು, ಕೊಲೆಗಾರರ ರಕ್ತದ ಕೈಗಳನ್ನು ಒಂದೊಂದಾಗಿ, ಹೆಸರು ಹೇಳಿ ಹೇಳಿ ಕುಲುಕುತ್ತಾನೆ. ಈ ಹೊತ್ತಿನಲ್ಲಿ ಅವನಿಗೆ ಸಿಗುವ ಎರಡು ಆಶ್ವಾಸನೆಗಳನ್ನು ಗಮನಿಸಬೇಕು. ಹೊಸ ಅಧಿಕಾರಗಳ ಹಂಚಿಕೆಯಲ್ಲಿ ನಿನ್ನ ಮಾತಿಗೂ ಎಲ್ಲರಷ್ಟೇ ಬೆಲೆ ಇರುತ್ತದೆ ಎಂದು ಕ್ಯಾಸಿಯಸ್ ಹೇಳುತ್ತಾನೆ. ಜನರನ್ನು ಸಮಾಧಾನ ಮಾಡಿ ಬಂದು ನಿನಗೆ ಕಾರಣಗಳನ್ನು ವಿವರಿಸುತ್ತೇನೆ ಎಂದು ಬ್ರೂಟಸ್ ಹೇಳುತ್ತಾನೆ. ಒಬ್ಬ ಪಾಲು ಕೊಡುತ್ತಾನೆ, ಒಬ್ಬ ವಾದ ಕೊಡುತ್ತಾನೆ. ಆಂಟನಿ ಎರಡನ್ನೂ ಬಿಟ್ಟು, ಹೆಣದ ಮುಂದೆ ನಾಲ್ಕು ಮಾತಾಡುವ ಅಪ್ಪಣೆಯೊಂದನ್ನು ಕೇಳಿಕೊಳ್ಳುತ್ತಾನೆ. ಕ್ಯಾಸಿಯಸ್ ಬ್ರೂಟಸ್‌ನನ್ನು ಪಕ್ಕಕ್ಕೆ ಕರೆದು, ನೀನೇನು ಮಾಡುತ್ತಿದ್ದೀಯೆಂದು ನಿನಗೆ ತಿಳಿಯದು ಎಂದು ಎಚ್ಚರಿಸಿದರೂ ಬ್ರೂಟಸ್ ಒಪ್ಪಿಕೊಂಡುಬಿಡುತ್ತಾನೆ. ಪ್ಲುಟಾರ್ಕ್ ಕೂಡ ಬ್ರೂಟಸ್‌ನ ಮೊದಲ ತಪ್ಪು ಆಂಟನಿಯನ್ನು ಉಳಿಸಿದ್ದು, ಎರಡನೆಯದು ಅವನಿಚ್ಛೆಯಂತೆ ಶವಸಂಸ್ಕಾರಕ್ಕೆ ಬಿಟ್ಟದ್ದು ಎಂದೇ ಬರೆದಿದ್ದಾನೆ.

ಇನ್ನು ಆ ಎರಡು ಭಾಷಣಗಳು. ಷೇಕ್ಸ್‌ಪಿಯರ್ ಬ್ರೂಟಸ್‌ಗೆ ಗದ್ಯವನ್ನೂ ಆಂಟನಿಗೆ ಪದ್ಯವನ್ನೂ ಕೊಟ್ಟಿದ್ದಾನೆ. ನಮ್ಮ ಹಿರಿಯರು ಬ್ರೂಟಸ್‌ನ ಭಾಗವನ್ನು ಅಚ್ಚುಕಟ್ಟಾದ ಗದ್ಯದಲ್ಲಿಯೇ ತಂದರು, ವಿಮಾ ಕಚೇರಿಯ ಮಿತ್ರರು ಹದಿನೈದು ದಿನ ಲೋಕಲ್ ರೈಲಿನಲ್ಲಿ ಕುಳಿತು ಆಂಟನಿಯ ಮಾತನ್ನು ಸರಳ ರಗಳೆಗೆ ಹೊಂದಿಸಿದ್ದರು. ಆಂಟನಿಯ ಮೊದಲ ಸಾಲು ಕನ್ನಡದಲ್ಲಿ ತಾನಾಗಿಯೇ ಕುಳಿತುಕೊಂಡಿತು, ಏಕೆಂದರೆ ‘ಕಿವಿಗೊಡಿ’ ಎಂಬ ಮಾತು ನಮ್ಮಲ್ಲಿ ಹಳೆಯ ಕಾಲದಿಂದಲೂ ಇದೆ. ತೊಡಕಾದದ್ದು, ಆಂಟನಿ ಮತ್ತೆ ಮತ್ತೆ ಬ್ರೂಟಸ್‌ಗೆ ಅಂಟಿಸುವ ಆ ಒಂದು ವಿಶೇಷಣ. ‘ಗೌರವಾನ್ವಿತ’ ಎಂದರೆ ಸಭೆಯ ಆಹ್ವಾನಪತ್ರಿಕೆಯಂತೆ ಕೇಳಿಸಿತು. ‘ಮಾನ್ಯ’ ಎಂಬುದು ಅರ್ಜಿಯ ತಲೆಬರಹದಂತಾಯಿತು. ‘ಮರ್ಯಾದಸ್ಥ’ ಎಂದಾಗ ಸ್ವಲ್ಪ ಹತ್ತಿರ ಬಂದೆವು. ಕೊನೆಗೆ ‘ಸಂಭಾವಿತ’ ಎಂಬ ಶಬ್ದವನ್ನು ಹಿರಿಯರೇ ಸೂಚಿಸಿದರು. ಮೊದಲ ಸಲ ‘ಬ್ರೂಟಸ್ ಸಂಭಾವಿತ’ ಎಂದಾಗ ಅದು ನಿಜವಾದ ಮೆಚ್ಚುಗೆ. ಎರಡನೆಯ ಸಲ ಉಪಚಾರ. ಮೂರನೆಯ ಸಲಕ್ಕೆ ಶಬ್ದದ ಮೈ ಬಿಸಿಯಾಗತೊಡಗುತ್ತದೆ. ಆಮೇಲೆ ನಾಲ್ಕನೆಯ ನಾಗರಿಕ ಅದನ್ನು ಆಂಟನಿಯ ಕೈಯಿಂದ ಕಿತ್ತುಕೊಂಡು, ಸಂಭಾವಿತರಂತೆ, ದ್ರೋಹಿಗಳು ಅವರು ಎಂದು ಕೂಗುತ್ತಾನೆ. ಎದುರಾಳಿಯ ಇಡೀ ಬಂಡವಾಳ ಒಂದು ಶಬ್ದದಲ್ಲಿದೆ ಎಂದು ಅರಿತು, ಆ ಶಬ್ದವನ್ನೇ ಬಳಸಿ ಬಳಸಿ ಸವೆಸಿಬಿಡುವುದು ಎಂಥ ಯೋಜನೆ!

ಬ್ರೂಟಸ್‌ನ ಭಾಷಣ ಕೆಟ್ಟದ್ದೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಸೀಸರನ ಮೇಲಿನ ಪ್ರೀತಿ ಕಡಿಮೆಯಾಗಿ ಅಲ್ಲ, ರೋಮಿನ ಮೇಲಿನ ಪ್ರೀತಿ ಹೆಚ್ಚಾಗಿ ಹೀಗೆ ಮಾಡಿದೆ ಎಂಬ ಅವನ ಮಾತನ್ನು ನಮ್ಮ ಹಿರಿಯರು ಓದಿದಾಗ ಕೋಣೆಯಲ್ಲಿ ಎಲ್ಲರೂ ಮೈಯೆಲ್ಲ ಕಿವಿಯಾಗಿದ್ದೆವು. ಅವನು ಕೇಳುಗರನ್ನು ಬುದ್ಧಿವಂತರೆಂದು ನಂಬಿ ಮಾತಾಡುತ್ತಾನೆ, ನಿಮ್ಮ ವಿವೇಕದಿಂದ ನನ್ನನ್ನು ಅಳೆಯಿರಿ ಎನ್ನುತ್ತಾನೆ, ದೇಶಕ್ಕೆ ಬೇಕಾದರೆ ಇದೇ ಕಠಾರಿ ನನಗೂ ಇದೆ ಎನ್ನುತ್ತಾನೆ. ಜನರನ್ನು ಇಷ್ಟು ಗೌರವದಿಂದ ಕಂಡ ಮಾತು ಇಡೀ ನಾಟಕದಲ್ಲಿ ಇನ್ನೊಂದಿಲ್ಲ. ಆದರೆ ನಾನು ಗುಂಪಿನಲ್ಲಿ ನಿಂತವನಾಗಿ ಹೇಳುತ್ತೇನೆ: ಆ ಮಾತಿನಲ್ಲಿ ಹಿಡಿದುಕೊಳ್ಳಲು ಒಂದು ವಸ್ತುವೂ ಇರಲಿಲ್ಲ. ಸೀಸರ್ ಮಹತ್ವಾಕಾಂಕ್ಷಿಯಾಗಿದ್ದ ಎಂದಷ್ಟೇ ಬ್ರೂಟಸ್ ಹೇಳುತ್ತಾನೆ, ಅದಕ್ಕೆ ಒಂದು ನಿದರ್ಶನವನ್ನೂ ಕೊಡುವುದಿಲ್ಲ. ಕೊಡಲು ಅವನ ಬಳಿ ಇರಲೂ ಇಲ್ಲ. ಹಿಂದಿನ ರಾತ್ರಿ ತನ್ನೊಳಗೆ ತಾನು ಮಾತಾಡಿಕೊಂಡಾಗ, ಹಾವಿನ ಮೊಟ್ಟೆಯನ್ನು ಒಡೆಯುವ ಮುನ್ನವೇ ಕೊಲ್ಲಬೇಕೆಂಬ ಊಹೆಯ ಮೇಲೆ ತಾನೇ ಅವನು ನಿರ್ಧಾರಕ್ಕೆ ಬಂದದ್ದು?

ಅದಕ್ಕಿಂತ ದೊಡ್ಡದು, ಮಾತು ಮುಗಿದ ಕೂಡಲೇ ಅವನು ಮಾಡುವ ಕೆಲಸ. ಜನ ಅವನನ್ನು ಮೆರವಣಿಗೆಯಲ್ಲಿ ಮನೆಗೆ ಕರೆದೊಯ್ಯಲು ಸಿದ್ಧರಿದ್ದಾರೆ; ಬೇಡ, ನಾನೊಬ್ಬನೇ ಹೋಗುತ್ತೇನೆ, ನನಗಾಗಿ ನೀವು ಇಲ್ಲೇ ನಿಂತು ಆಂಟನಿಯ ಮಾತು ಕೇಳಿ ಎಂದು ಹೇಳಿ ಹೊರಟೇ ಹೋಗುತ್ತಾನೆ. ಓದುವಾಗ ಇದು ಒಂದು ಸಾಲು. ಗುಂಪಿನಲ್ಲಿ ನಿಂತಾಗ ಅದೊಂದು ಬಿಟ್ಟುಹೋದ ಖಾಲಿತನ. ‘ಇವನೇ ಸೀಸರ್ ಆಗಲಿ’ ಎಂದು ನಾನು ಈಗಷ್ಟೇ ಕೂಗಿದ್ದೆ. ಆ ಕೂಗು ಎಷ್ಟು ಅಪಾಯದ್ದು, ತಾನು ಆಡಿದ ಸ್ವಾತಂತ್ರ್ಯದ ಮಾತು ನನಗೆ ಎಳ್ಳಷ್ಟೂ ಮುಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿ ಎಂಬುದನ್ನು ಅವನು ಕೇಳಿಸಿಕೊಂಡಿದ್ದರೆ ಅಲ್ಲೇ ನಿಲ್ಲುತ್ತಿದ್ದ. ಅವನು ಕೇಳಿಸಿಕೊಳ್ಳಲಿಲ್ಲ. ಆಂಟನಿಯಾದರೋ ನಮ್ಮ ಒಂದೊಂದು ಉದ್ಗಾರಕ್ಕೂ ಕಿವಿ ತೆರೆದಿಟ್ಟಿದ್ದಾನೆ. ನಡುವೆ ಕಂಠ ಗದ್ಗದವಾಯಿತೆಂದು ಮಾತು ನಿಲ್ಲಿಸುತ್ತಾನೆ, ನಾವು ನಮ್ಮನಮ್ಮಲ್ಲಿ ಆಡಿಕೊಳ್ಳುವುದಕ್ಕೆ ಅವಕಾಶ ಕೊಡುತ್ತಾನೆ, ನಾವು ಎಲ್ಲಿಯವರೆಗೆ ಬಂದಿದ್ದೇವೆಂದು ನೋಡಿಕೊಂಡು ಅಲ್ಲಿಂದ ಒಂದೇ ಹೆಜ್ಜೆ ಮುಂದಿಡುತ್ತಾನೆ. ಸೀಸರನ ಉಯಿಲನ್ನು ತೋರಿಸುತ್ತಾನೆ, ಓದುವುದಿಲ್ಲ. ಕೆಳಗಿಳಿಯಲು ನಮ್ಮ ಅನುಮತಿ ಕೇಳುತ್ತಾನೆ. ಅನುಮತಿ ಕೊಟ್ಟ ಮೇಲೆ ಕೆಲಸ ನಮ್ಮದೂ ಆಯಿತಲ್ಲ! ವೇದಿಕೆಯಿಂದಿಳಿದು ಹೆಣದ ಸುತ್ತ ನಮ್ಮನ್ನು ಬಳಸಿ ನಿಲ್ಲಿಸುತ್ತಾನೆ. ಬ್ರೂಟಸ್‌ಗೂ ನಮಗೂ ನಡುವೆ ಇದ್ದ ಆ ಎತ್ತರ ಆಗ ಇಲ್ಲವಾಗುತ್ತದೆ.

ಆಮೇಲೆ ಸೀಸರನ ಮೇಲುಹೊದಿಕೆಯನ್ನು ಎತ್ತಿ ಹಿಡಿದು, ಗಾಲ್ ನಾಡಿನ ನರ್ವೀ ಜನರನ್ನು ಗೆದ್ದ ದಿನದ ಸಂಜೆ ಅವನು ಇದನ್ನು ಮೊದಲು ಹೊದ್ದದ್ದು ನೆನಪಿದೆ ಎನ್ನುತ್ತಾನೆ. ಆ ಯುದ್ಧ ನಡೆದದ್ದು ಕ್ರಿಸ್ತಪೂರ್ವ 57ರಲ್ಲಿ. ಇತಿಹಾಸದ ಆಂಟನಿ ಆಗ ಸೀಸರನ ಪಡೆಯನ್ನು ಸೇರಿಯೇ ಇರಲಿಲ್ಲ. ಹೊದಿಕೆಯ ಹರುಕುಗಳನ್ನು ತೋರಿಸುತ್ತ, ಇದು ಕ್ಯಾಸಿಯಸ್ ಇರಿದದ್ದು, ಇದು ಕಾಸ್ಕಾ, ಇದು ಬ್ರೂಟಸ್ ಎಂದು ಹೇಳುತ್ತಾನೆ. ಕೊಲೆಯ ಹೊತ್ತಿಗೆ ಅವನನ್ನು ಹೊರಗೆ ಕರೆದೊಯ್ದಿದ್ದರು, ಅವನು ಏನನ್ನೂ ಕಂಡಿಲ್ಲ. ಎರಡೂ ಸುಳ್ಳು. ಇದೆಲ್ಲ ಗೊತ್ತಿದ್ದೂ ನಮ್ಮ ಮಿತ್ರರು ಆ ಭಾಗವನ್ನು ಓದಿದಾಗ ನನ್ನ ಗಂಟಲು ಕಟ್ಟಿತು, ಏಕೆಂದರೆ ಆಂಟನಿಯ ದುಃಖ ಮಾತ್ರ ಸುಳ್ಳಲ್ಲ. ಹಿಂದಿನ ದೃಶ್ಯದಲ್ಲಿ ಯಾರೂ ನೋಡದಿರುವಾಗ ಅವನು ಹೆಣದ ಬಳಿ ಕ್ಷಮೆ ಕೇಳಿದ್ದನ್ನು ನಾವು ಕಂಡಿದ್ದೇವೆ. ನಿಜವಾದ ದುಃಖವನ್ನು ಹತ್ಯಾರವನ್ನಾಗಿ ಬಳಸಬಲ್ಲವನು ಬರಿಯ ನಟನಿಗಿಂತ ಬಹಳ ಬಲಶಾಲಿ.

ಜನರ ಗುಂಪು ಚಂಚಲವಾದದ್ದು, ಯಾರು ಕೊನೆಗೆ ಮಾತಾಡಿದರೂ ಅವರ ಕಡೆ ವಾಲುತ್ತದೆ ಎಂದು ನಮ್ಮ ಕೂಟದಲ್ಲೂ ಒಬ್ಬರು ಹೇಳಿದರು. ಅದು ನನಗೆ ಅನ್ಯಾಯವಾಗಿ ತೋರಿತು, ಕಾರಣ ನನ್ನ ಮನೆಯದು. ನನ್ನ ತಂದೆ ಪರೇಲ್‌ನ ಬಟ್ಟೆಗಿರಣಿಯೊಂದರಲ್ಲಿ ಮಗ್ಗದ ಕೆಲಸದಲ್ಲಿದ್ದರು. 1982ರ ಜನವರಿ 18ರಂದು ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರನ್ನು ಒಳಗೊಂಡ ಆ ಮುಷ್ಕರದಲ್ಲಿ ಅವರೂ ಇದ್ದರು. ಗೇಟ್ ಮೀಟಿಂಗ್ ಮುಗಿಸಿ ಬಂದು ಊಟಕ್ಕೆ ಕುಳಿತಾಗ ಅವರು ಭಾಷಣದ ಅಲಂಕಾರಗಳನ್ನು ನೆನೆಯುತ್ತಿರಲಿಲ್ಲ. ಪಗಾರ ಎಷ್ಟು ಏರಬೇಕು, ಬೋನಸ್ ಎಷ್ಟು ಬರಬೇಕು ಎಂಬ ಲೆಕ್ಕವನ್ನು ಅಮ್ಮನಿಗೆ ಹೇಳುತ್ತಿದ್ದರು. ಗುಂಪಿನಲ್ಲಿ ನಿಂತವನು ತನ್ನ ಮನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ನಿಂತಿರುತ್ತಾನೆ. ಆಂಟನಿ ಕೊನೆಯಲ್ಲಿ ಉಯಿಲನ್ನು ಬಿಚ್ಚಿ, ರೋಮಿನ ಪ್ರತಿಯೊಬ್ಬ ನಾಗರಿಕನಿಗೂ 75 ದ್ರಾಖ್ಮಾ, ಟೈಬರ್ ನದಿಯ ಈ ದಡದ ತೋಟಗಳೂ ಉದ್ಯಾನಗಳೂ ಶಾಶ್ವತವಾಗಿ ನಿಮಗೂ ನಿಮ್ಮ ಮಕ್ಕಳಿಗೂ ಎಂದು ಓದುತ್ತಾನೆ. ನಡೆದಾಡಲು ಜಾಗ, ಕೈಯಲ್ಲಿ ಒಂದಿಷ್ಟು ಹಣ. ಎರಡು ಕೋಣೆಗಳ ಚಾಳಿನಲ್ಲಿ ಬೆಳೆದ ನನಗೆ ಇದನ್ನು ಲಂಚ ಎಂದು ಸುಲಭವಾಗಿ ಕರೆಯಲು ಮನಸ್ಸು ಬಾರದು. ಬ್ರೂಟಸ್ ಸ್ವಾತಂತ್ರ್ಯ ಎಂದ, ಅದು ಸೆನೆಟಿನಲ್ಲಿ ಆಸನವಿದ್ದವರ ಸ್ವಾತಂತ್ರ್ಯ. ಮೂರನೆಯ ನಾಗರಿಕನ ಮನೆಗೆ ಅದು ಯಾವ ರೂಪದಲ್ಲಿ ಬಂದೀತೆಂದು ಅವನು ಹೇಳಲೇ ಇಲ್ಲ.

ಆದರೆ ಆಂಟನಿಯ ಬಗೆಗಿನ ನನ್ನ ಮೆಚ್ಚುಗೆ ಇಲ್ಲಿಗೇ ನಿಲ್ಲುತ್ತದೆ. ಜನ ಬೆಂಕಿ ಹಿಡಿದು ಓಡಿದ ಮೇಲೆ ಅವನು, ಅನಾಹುತವೇ, ನೀನು ಎದ್ದಿದ್ದೀಯೆ, ಇನ್ನು ನಿನಗೆ ಬೇಕಾದ ದಾರಿ ಹಿಡಿ ಎಂದು ಕೈತೊಳೆದುಕೊಳ್ಳುತ್ತಾನೆ. ಬ್ರೂಟಸ್ ಗುಂಪನ್ನು ಬಿಟ್ಟುಹೋದದ್ದು ನಂಬಿಕೆಯಿಂದ, ಆಂಟನಿ ಬಿಟ್ಟದ್ದು ಕೆಲಸ ಮುಗಿಯಿತೆಂದು. ಆ ಗುಂಪಿನ ಕೈಗೆ ಮೊದಲು ಸಿಗುವುದು ಸಿನ್ನಾ ಎಂಬ ಒಬ್ಬ ಬಡಪಾಯಿ ಕವಿ, ಸಂಚುಗಾರನೊಬ್ಬನ ಹೆಸರೂ ಅದೇ ಎಂಬುದಷ್ಟೇ ಅವನ ಅಪರಾಧ. ನಿನ್ನ ಹೆಸರು ಹೇಳು ಎಂದು ಅವನನ್ನು ಗದರಿಸುವ ಮಾತೂ ಮೂರನೆಯ ನಾಗರಿಕನದೇ. ಅದನ್ನು ಓದುವಾಗ ನನ್ನ ದನಿ ಕುಗ್ಗಿತು.

ನಾಲ್ಕನೆಯ ಅಂಕ ತೆರೆಯುವಾಗ ಆಂಟನಿ, ಸೀಸರನ ದತ್ತುಮಗನಾದ ಎಳೆಯ ಆಕ್ಟೇವಿಯಸ್, ಅವರ ಜೊತೆ ಸೇರಿದ ಸೇನಾಪತಿ ಲೆಪಿಡಸ್ ಮೂವರೂ ಮೇಜಿನ ಸುತ್ತ ಕುಳಿತು ಕೊಲ್ಲಬೇಕಾದವರ ಹೆಸರುಗಳಿಗೆ ಗುರುತು ಹಾಕುತ್ತಿದ್ದಾರೆ. ಲೆಪಿಡಸ್ ತನ್ನ ಸಹೋದರನನ್ನು ಬಿಟ್ಟುಕೊಡುತ್ತಾನೆ, ಆಂಟನಿ ತನ್ನ ಸೋದರಳಿಯನ ಹೆಸರಿನ ಮೇಲೆ ಚುಕ್ಕೆ ಇಡುತ್ತಾನೆ. ನಂತರ ಲೆಪಿಡಸ್‌ನನ್ನು ಸೀಸರನ ಮನೆಗೆ ಅಟ್ಟುವುದು ಯಾವುದಕ್ಕೆ? ಅದೇ ಉಯಿಲನ್ನು ತರುವುದಕ್ಕೆ. ಜನರಿಗೆ ಕೊಡಬೇಕಾದ ಪಾಲಿನಲ್ಲಿ ಎಷ್ಟು ಕಡಿತ ಮಾಡಬಹುದೆಂದು ನೋಡುವುದಕ್ಕೆ. ಈ ಒಂದು ಸಾಲನ್ನು ಷೇಕ್ಸ್‌ಪಿಯರ್ ಯಾವ ಒತ್ತೂ ಇಲ್ಲದೆ ಹಾಕಿದ್ದಾನೆ, ಮತ್ತೆ ಆ ವಿಷಯವನ್ನು ಎತ್ತುವುದೇ ಇಲ್ಲ. ಲೆಪಿಡಸ್ ಬಾಗಿಲು ದಾಟಿದ ಕೂಡಲೇ, ಅವನು ಚಿನ್ನ ಹೊರುವ ಕತ್ತೆ, ಹೊರೆ ಇಳಿಸಿದ ಮೇಲೆ ಅಟ್ಟಿಬಿಡೋಣ ಎಂದು ಆಂಟನಿ ಆಡುತ್ತಾನೆ. ಆಕ್ಟೇವಿಯಸ್, ಅವನು ಪಳಗಿದ ವೀರ ಯೋಧ ಎಂದರೆ, ನನ್ನ ಕುದುರೆಯೂ ಹಾಗೆಯೇ ಎನ್ನುತ್ತಾನೆ. ಸಾವಿರ ಜನರ ಹೃದಯವನ್ನು ಕರಗಿಸಿದವನು ಜೊತೆಗಾರನೊಬ್ಬನನ್ನು ಮನುಷ್ಯನೆಂದು ಕಾಣಲಾರ. ಕೇಳುತ್ತ ಕುಳಿತ ಆಕ್ಟೇವಿಯಸ್, ನಾಳೆ ನನ್ನ ಬೆನ್ನ ಹಿಂದೆಯೂ ಇದೇ ಮಾತು ಎಂದು ಅರಿಯದಿರುವನೇ? ಯುದ್ಧದ ದಿನ ಆಂಟನಿ ಅವನಿಗೆ ಎಡಪಕ್ಕದ ಪಡೆಯನ್ನು ನಡೆಸು ಎಂದಾಗ, ಬಲಪಕ್ಕ ನನ್ನದು, ನೀನು ಎಡಕ್ಕಿರು ಎಂದು ಆ ಎಳೆಯ ಹುಡುಗ ತಣ್ಣಗೆ ಹೇಳುತ್ತಾನೆ, ಈ ಹೊತ್ತಿನಲ್ಲಿ ನನಗೇಕೆ ಅಡ್ಡ ಬರುತ್ತೀಯೆ ಎಂದು ಕೇಳುವುದಷ್ಟೇ ಆಂಟನಿಗೆ ಉಳಿಯುತ್ತದೆ.

ಬ್ರೂಟಸ್‌ನ ಪಾಳೆಯದಲ್ಲೂ, ರೋಮಿನಿಂದ ಓಡಿಹೋಗಿ ಅವನೂ ಕ್ಯಾಸಿಯಸ್ಸೂ ಕಟ್ಟಿದ ಸೈನ್ಯದಲ್ಲೂ, ಎಲ್ಲ ಸರಿಯಿಲ್ಲ. ಸಾರ್ಡಿಸ್‌ನಲ್ಲಿ ಕ್ಯಾಸಿಯಸ್ ಸಿಟ್ಟಿನಿಂದ ಬಂದಾಗ, ನಮ್ಮ ಸೈನಿಕರ ಕಣ್ಣೆದುರು ಜಗಳ ಬೇಡ, ಡೇರೆಯೊಳಗೆ ಬಾ, ನಿನ್ನ ದೂರನ್ನು ಪೂರ್ತಿಯಾಗಿ ಕೇಳುತ್ತೇನೆ ಎಂದು ಬ್ರೂಟಸ್ ಹೇಳುವುದು ಪಳಗಿದ ನಾಯಕನ ಮಾತು. ಆದರೆ ಒಳಗೆ ಹೋದ ಮೇಲೆ ಅವನು, ಅಡ್ಡದಾರಿಯಿಂದ ಹಣ ಎತ್ತುವುದು ನನ್ನಿಂದಾಗದು ಎನ್ನುತ್ತಾನೆ, ಮರುಗಳಿಗೆಯಲ್ಲೇ ಸೈನಿಕರ ಸಂಬಳಕ್ಕೆ ಹಣ ಕೇಳಿದರೆ ನೀನು ಕೊಡಲಿಲ್ಲ ಎಂದು ಕ್ಯಾಸಿಯಸ್‌ನ ಮೇಲೆ ಕೆರಳುತ್ತಾನೆ. ಆ ಹಣ ಯಾವ ದಾರಿಯಿಂದ ಬಂದದ್ದೆಂದು ಅವನಿಗೆ ಚೆನ್ನಾಗಿ ಗೊತ್ತು. ಕೈ ಶುಚಿಯಾಗಿರಬೇಕು, ಕೆಸರಿನ ಕೆಲಸ ಇನ್ನೊಬ್ಬನದಾಗಿರಬೇಕು. ಇಲ್ಲಿ ಇತಿಹಾಸದ ಒಂದು ಸಂಗತಿಯನ್ನು ಹೇಳದೆ ಇರಲಾರೆ: ನಿಜವಾದ ಬ್ರೂಟಸ್ ಸೈಪ್ರಸ್ ದ್ವೀಪದ ಸಲಾಮಿಸ್ ಪಟ್ಟಣಕ್ಕೆ ತನ್ನ ಗುಮಾಸ್ತರ ಹೆಸರಿನಲ್ಲಿ ವರ್ಷಕ್ಕೆ ಶೇಕಡ 48ರ ಬಡ್ಡಿಗೆ ಸಾಲ ಕೊಟ್ಟಿದ್ದ, ಆಗಿನ ಮಿತಿ ಶೇಕಡ 12 ಆಗಿತ್ತು. ಸಿಸೆರೊನ ಪತ್ರಗಳಿಂದ ಇದು ಹೊರಬಿದ್ದಿದೆ. ನಾಟಕದ ಬ್ರೂಟಸ್‌ನ ತಲೆಗೆ ಈ ಸಾಲವನ್ನು ಕಟ್ಟುವುದು ನ್ಯಾಯವಲ್ಲ. ಆದರೂ ಡೇರೆಯ ಜಗಳವನ್ನು ಓದಿದಾಗಲೆಲ್ಲ ನನಗೆ ಆ ಗುಮಾಸ್ತರು ನೆನಪಾಗುತ್ತಾರೆ.

ಫಿಲಿಪ್ಪಿಗೆ ಹೋಗುವ ನಿರ್ಧಾರವೂ ತೋಟದ ಆ ರಾತ್ರಿಯಂತೆಯೇ ಆಗುತ್ತದೆ. ಶತ್ರು ನಮ್ಮನ್ನು ಹುಡುಕಿಕೊಂಡು ಬಂದು ದಣಿಯಲಿ, ನಾವು ಇಲ್ಲೇ ವಿಶ್ರಾಂತಿಯಲ್ಲಿರೋಣ ಎಂಬ ಕ್ಯಾಸಿಯಸ್‌ನ ಮಾತು ಸೇನಾಪತಿಯ ಮಾತು. ಮನುಷ್ಯರ ಬಾಳಿನಲ್ಲೂ ಭರತವೊಂದು ಬರುತ್ತದೆ, ಅದು ಏರಿದಾಗಲೇ ಹಡಗು ಬಿಡಬೇಕು ಎಂಬ ಬ್ರೂಟಸ್‌ನ ಉತ್ತರ ಅತ್ಯಂತ ಸುಂದರವಾದದ್ದು, ಈ ಕಡಲೂರಿನಲ್ಲಿ ಓದುವಾಗ ಇನ್ನೂ ಹತ್ತಿರವಾಗುವಂಥದ್ದು. ಆದರೆ ಕ್ಯಾಸಿಯಸ್ ಸೋತದ್ದು ವಾದಕ್ಕೆ ಎಂದು ನನಗೆ ಅನ್ನಿಸುವುದಿಲ್ಲ. ಸ್ವಲ್ಪ ಮುಂಚೆಯಷ್ಟೇ ಬ್ರೂಟಸ್‌ನ ಹೆಂಡತಿ ಪೋರ್ಷಿಯಾ ಸತ್ತ ಸುದ್ದಿ ಅವನಿಗೆ ತಿಳಿದಿದೆ. ಇಂಥ ಹೊತ್ತಿನಲ್ಲಿ ನಿನ್ನೊಡನೆ ಜಗಳಕ್ಕೆ ನಿಂತೆನಲ್ಲ ಎಂದು ಅವನು ನೊಂದುಕೊಂಡಿದ್ದಾನೆ. ಸ್ನೇಹಿತನ ದುಃಖದ ಮುಂದೆ ನಕ್ಷೆ ಹರಡಿ ವಾದಿಸಲು ಅವನಿಗೆ ಮನಸ್ಸಾಗಲಿಲ್ಲ. ಯುದ್ಧದ ದಿನ ಅವನು ಮೆಸಾಲ ಎಂಬ ಜೊತೆಗಾರನ ಬಳಿ, ನನ್ನ ಇಚ್ಛೆಗೆ ವಿರುದ್ಧವಾಗಿ ಎಲ್ಲವನ್ನೂ ಒಂದೇ ಕಾಳಗಕ್ಕೆ ಪಣವಿಟ್ಟಿದ್ದೇನೆ ಎಂದು ಹೇಳಿಕೊಳ್ಳುತ್ತಾನೆ. ಶತ್ರು ಬೆಟ್ಟದಿಂದ ಇಳಿಯುವುದಿಲ್ಲವೆಂದು ಆಂಟನಿ ಎಣಿಸಿದ್ದ, ಬ್ರೂಟಸ್‌ನ ಈ ನಡೆ ಆ ಎಣಿಕೆಯನ್ನೂ ಸುಳ್ಳಾಗಿಸಿತು. ಕೊನೆಗೆ ಬ್ರೂಟಸ್ ಹೊತ್ತಿಗೆ ಮುಂಚೆಯೇ ಆಜ್ಞೆ ಕೊಟ್ಟ, ಅವನ ಸೈನಿಕರು ಲೂಟಿಗೆ ಬಿದ್ದರು, ಅಷ್ಟರಲ್ಲಿ ಕ್ಯಾಸಿಯಸ್‌ನ ಪಡೆಯನ್ನು ಆಂಟನಿ ಸುತ್ತುವರಿದ.

ಇಷ್ಟಾದ ಮೇಲೆ, ಹಾಗಾದರೆ ಬ್ರೂಟಸ್ ನಾಯಕನೇ ಅಲ್ಲವಲ್ಲ ಎಂದು ಕೂಟದ ಕಿರಿಯ ಸದಸ್ಯೆಯೊಬ್ಬರು ಕೇಳಿದರು. ಅವರು ಕಂಪನಿಯೊಂದರಲ್ಲಿ ನಲವತ್ತು ಜನರ ತಂಡವನ್ನು ನೋಡಿಕೊಳ್ಳುವವರು, ಫಲಿತಾಂಶವನ್ನು ಬಿಟ್ಟು ನಾಯಕತ್ವವನ್ನು ಅಳೆಯಲಾಗದು ಎಂಬುದು ಅವರ ವಾದ. ನಾನು ಉತ್ತರವಾಗಿ ನಾಲ್ಕನೆಯ ಅಂಕದ ಕೊನೆಯ ಭಾಗವನ್ನು ಮತ್ತೊಮ್ಮೆ ಓದಿಸಿದೆ. ಯುದ್ಧದ ಮುನ್ನಾ ದಿನಗಳ ರಾತ್ರಿ. ಬ್ರೂಟಸ್ ಕಾವಲಿನ ಇಬ್ಬರನ್ನು ಕರೆದು, ನಿಂತೇ ಇರಬೇಡಿ, ದಿಂಬುಗಳ ಮೇಲೆ ಮಲಗಿ ಎನ್ನುತ್ತಾನೆ. ಹುಡುಕುತ್ತಿದ್ದ ಪುಸ್ತಕ ತನ್ನ ನಿಲುವಂಗಿಯ ಜೇಬಿನಲ್ಲೇ ಸಿಕ್ಕಾಗ, ನನಗೆ ಮರೆವು ಹೆಚ್ಚು, ಬೇಸರಿಸಬೇಡ ಮಗು ಎಂದು ಲೂಸಿಯಸ್ ಎಂಬ ಆಳುಹುಡುಗನ ಬಳಿ ತಪ್ಪೊಪ್ಪಿಕೊಳ್ಳುತ್ತಾನೆ. ಹುಡುಗ ವಾದ್ಯ ನುಡಿಸುತ್ತ ನುಡಿಸುತ್ತ ನಿದ್ದೆಹೋದಾಗ, ಎಬ್ಬಿಸುವುದಿಲ್ಲ. ಬಿದ್ದು ಮುರಿದೀತೆಂದು ವಾದ್ಯವನ್ನು ಮೆಲ್ಲಗೆ ಅವನ ಕೈಯಿಂದ ತೆಗೆದಿಡುತ್ತಾನೆ. ಸಾವಿರ ಜನರ ಮನಸ್ಸನ್ನು ಓದಲು ಬಾರದವನಿಗೆ ಎದುರಿಗಿರುವ ಒಬ್ಬನ ದಣಿವು ಕಾಣಿಸುತ್ತದೆ. ಆಂಟನಿಯ ಶಕ್ತಿ ದೊಡ್ಡ ವೃತ್ತದಲ್ಲಿ ಉರಿಯುತ್ತದೆ, ಮೇಜಿನ ಸುತ್ತ ಮೂವರೇ ಉಳಿದಾಗ ಕಮರುತ್ತದೆ. ಬ್ರೂಟಸ್‌ನದು ಚೌಕದಲ್ಲಿ ಆರಿಹೋಗುತ್ತದೆ, ಡೇರೆಯೊಳಗೆ ಬೆಳಗುತ್ತದೆ. ರೋಮಿಗೆ ಬೇಕಾಗಿದ್ದದ್ದು ಎರಡೂ ಕಡೆ ಬೆಳಗುವ ಒಬ್ಬನು, ಅಂಥವನು ನಾಟಕದಲ್ಲಿ ಇಲ್ಲ. ಆ ಸದಸ್ಯೆ ನನ್ನ ಮಾತನ್ನು ಪೂರ್ತಿ ಒಪ್ಪಲಿಲ್ಲ. ಡೇರೆಯೊಳಗಿನ ಒಳ್ಳೆಯತನಕ್ಕೆ ಬಯಲಿನಲ್ಲಿ ಸತ್ತವರು ಬೆಲೆ ತೆತ್ತರಲ್ಲ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಂಟನಿಗೂ ಒಂದು ಕೊನೆಯ ನ್ಯಾಯ ಸಲ್ಲಬೇಕು. ಲುಸಿಲಿಯಸ್ ಎಂಬವನು ತಾನೇ ಬ್ರೂಟಸ್ ಎಂದು ಹೇಳಿಕೊಂಡು ಸೆರೆಸಿಕ್ಕಾಗ, ಮೋಸಹೋದ ಸೈನಿಕರ ಮುಂದೆ ಆಂಟನಿ, ಇವನು ಬ್ರೂಟಸ್ ಅಲ್ಲ, ಆದರೆ ಅಷ್ಟೇ ಬೆಲೆಯುಳ್ಳ ಸೆರೆ, ಇವನನ್ನು ಪ್ರೀತಿಯಿಂದ ನೋಡಿಕೊಳ್ಳಿ, ಇಂಥವರು ನನಗೆ ಶತ್ರುಗಳಾಗುವುದಕ್ಕಿಂತ ಮಿತ್ರರಾಗಲಿ ಎನ್ನುತ್ತಾನೆ. ಬ್ರೂಟಸ್‌ನ ಹೆಣದ ಮುಂದೆ, ಇವರೆಲ್ಲರಲ್ಲಿ ಉದಾತ್ತನಾದ ರೋಮನ್ ಇವನೇ ಎಂದು ಹೇಳುವವನೂ ಅವನೇ. ಪಂಪನು ದುರ್ಯೋಧನನ ಛಲವನ್ನು ಮೆಚ್ಚಿ ನುಡಿದದ್ದನ್ನು ಓದಿ ಬೆಳೆದ ನಮಗೆ ಎದುರಾಳಿಯ ಗುಣವನ್ನು ಒಪ್ಪಿಕೊಳ್ಳುವ ಈ ಮಾತು ಹೊಸದಲ್ಲ. ಚೌಕದಲ್ಲಿ ಸವೆಸಿಬಿಟ್ಟಿದ್ದ ‘ಸಂಭಾವಿತ’ ಎಂಬ ಶಬ್ದವನ್ನು ಆಂಟನಿ ಇಲ್ಲಿ ಬೇರೊಂದು ಹೆಸರಿನಿಂದ ಬ್ರೂಟಸ್‌ಗೆ ಹಿಂದಿರುಗಿಸುತ್ತಿದ್ದಾನೆ ಎಂದು ನಮ್ಮ ಹಿರಿಯರು ಹೇಳಿದರು.

ಮೂರನೆಯ ಅಂಕದ ನಂತರ ನನ್ನ ನಾಗರಿಕನಿಗೆ ಮಾತಿಲ್ಲ. ಉಯಿಲಿನ 75 ದ್ರಾಖ್ಮಾ ಅವನ ಕೈಗೆ ಬಂತೋ ಇಲ್ಲವೋ ನಾಟಕ ಹೇಳುವುದಿಲ್ಲ. ಓದುವವರು ಕಡಿಮೆ ಇದ್ದುದರಿಂದ ಕೊನೆಯ ಅಂಕದಲ್ಲಿ ನನಗೆ ಸ್ಟ್ರೇಟೊನ ಪಾತ್ರವನ್ನು ಕೊಟ್ಟಿದ್ದರು. ಸೋತ ಬ್ರೂಟಸ್ ತನ್ನನ್ನು ಕೊಲ್ಲುವಂತೆ ಮೂವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಬೇಡುತ್ತಾನೆ, ಮೂವರೂ ಒಲ್ಲೆನೆನ್ನುತ್ತಾರೆ. ಇಡೀ ಜೀವನದಲ್ಲಿ ನನಗೆ ನಿಷ್ಠನಾಗಿರದ ಒಬ್ಬನನ್ನೂ ನಾನು ಕಾಣಲಿಲ್ಲವೆಂದು ನನ್ನ ಹೃದಯ ಸಂತೋಷಪಡುತ್ತಿದೆ ಎಂದು ಅವನು ಹೇಳುವುದು ಆಗಲೇ. ಆಮೇಲೆ ನಿದ್ದೆಯಿಂದೆದ್ದ ಸ್ಟ್ರೇಟೊನ ಬಳಿ, ಕತ್ತಿಯನ್ನು ಹಿಡಿದು ಮುಖ ತಿರುಗಿಸಿ ನಿಲ್ಲು ಎಂದು ಕೇಳಿಕೊಳ್ಳುತ್ತಾನೆ. ಸ್ಟ್ರೇಟೊ ಒಪ್ಪುತ್ತಾನೆ, ಆದರೆ ಅದಕ್ಕೆ ಮೊದಲು ಒಂದನ್ನು ಬೇಡುತ್ತಾನೆ. ಆ ಸಾಲನ್ನು ನಾನು ಕನ್ನಡದಲ್ಲಿ ಹೀಗೆ ಬರೆದುಕೊಂಡು ಹೋಗಿದ್ದೆ: ‘ಮೊದಲು ತಮ್ಮ ಕೈ ಕೊಡಿ, ಒಡೆಯಾ.’ ನಮ್ಮ ಹಿರಿಯರು ಪುಸ್ತಕವನ್ನು ಕೆಳಗಿಟ್ಟು ನಿಜವಾಗಿಯೂ ಕೈ ಚಾಚಿದರು.